ಹಿರೇಹಡಗಲಿಯ ತಾಮ್ರಶಾಸನ: ಕರಪರಿಹಾರವೂ ಪಾಲಿನ ನಿರ್ಣಯವೂ

ಆಸ್ತಿಯನ್ನು ಸಂಪಾದಿಸುವುದಕ್ಕಿಂತಲೂ ಅದನ್ನು ಕರಭಾರದಿಂದ ಕಾಪಾಡಿ, ಕಲಹವಿಲ್ಲದೆ ಮುಂದಿನವರ ಕೈಗೆ ಒಪ್ಪಿಸುವುದು ಕಷ್ಟತರವಾದುದು. ಈ ಚಿಂತೆಯು ಇಂದಿನದಲ್ಲವೆಂಬುದಕ್ಕೆ ಹಡಗಲಿ ತಾಲ್ಲೂಕಿನ ಹಿರೇಹಡಗಲಿಯಲ್ಲಿ ದೊರೆತ ಪಲ್ಲವ ಶಿವಸ್ಕಂದವರ್ಮನ ತಾಮ್ರಶಾಸನವೇ ಸಾಕ್ಷಿಯಾಗಿದೆ.

ಕ್ರಿ. ಶ. ೪ನೆಯ ಶತಮಾನದ್ದೆಂದು ವಿದ್ವಾಂಸರು ಎಣಿಸುವ ಈ ಪ್ರಾಕೃತಶಾಸನವನ್ನು ಬ್ಯೂಲರ್ ಪಂಡಿತರು ಎಪಿಗ್ರಾಫಿಯಾ ಇಂಡಿಕಾದ ೧ನೆಯ ಸಂಪುಟದಲ್ಲಿ ಪ್ರಕಟಿಸಿದರು. ಇದು ಅರಸನ ಆಳಿಕೆಯ ೮ನೆಯ ವರ್ಷದಲ್ಲಿ ಕಾಂಚೀಪುರದಿಂದ ಹೊರಟುದು. ಸಾತಾಹನಿ ರಾಷ್ಟ್ರದ ಚಿಲ್ಲರೇಕಕೊಡುಂಕ ಗ್ರಾಮದ ತೋಟವನ್ನು ಮೊದಲು ‘ಬಪ್ಪ’ನು ಬ್ರಾಹ್ಮಣರಿಗೆ ಕೊಟ್ಟಿದ್ದನು. ಬಪ್ಪನೆಂದರೆ ಅರಸನ ತಂದೆಯೆಂದು ಸಾಮಾನ್ಯವಾಗಿ ಅರ್ಥಮಾಡುವರು. ಆ ದಾನವನ್ನೇ ಶಿವಸ್ಕಂದವರ್ಮನು ಮರಳಿ ಸ್ಥಿರಪಡಿಸಿರುವನು.

ಇಲ್ಲಿ ಮೂರು ಸಂಗತಿಗಳು ಗಮನಾರ್ಹವಾಗಿವೆ. ಮೊದಲನೆಯದು ೧೮ ಬಗೆಯ ಪರಿಹಾರ. ಹಾಲು, ಮೊಸರು, ಉಪ್ಪು, ಬೆಲ್ಲ, ಎತ್ತು, ಹುಲ್ಲು, ಕಟ್ಟಿಗೆ, ಕಾಯಿಪಲ್ಯ, ಹೂವುಗಳನ್ನು ಅಧಿಕಾರಿಗಳು ಕಸಿದುಕೊಳ್ಳಬಾರದು, ಬಿಟ್ಟಿಯನ್ನು ಮಾಡಿಸಬಾರದು. ಎರಡನೆಯದು, ಪ್ರತಿಗ್ರಹಿಗಳ ಹೆಸರು, ಗೋತ್ರಗಳೊಡನೆ ಅವರವರ ಪಾಲನ್ನೂ ಬರೆದಿರುವುದು. ಮೂರನೆಯದು, ಮುಂದೆ ಬರುವ ಸ್ವವಂಶದ ಮತ್ತು ಅನ್ಯವಂಶದ ಅರಸರು ಇದನ್ನು ನಡೆಸಬೇಕೆಂಬ ಪ್ರಾರ್ಥನೆ.

ಈ ಪ್ರಾರ್ಥನೆಯಲ್ಲಿಯೇ ವಿಷಯದ ಮರ್ಮವಿದೆ. ಕರಪರಿಹಾರವು ಅರಸನ ಅನುಗ್ರಹ. ಅರಸನು ಬದಲಾದಂತೆ ಅದೂ ಬದಲಾಗಬಹುದು. ಬಪ್ಪನ ದಾನಕ್ಕೆ ಉತ್ತರಾಧಿಕಾರಿಯ ಹೊಸ ಶಾಸನವು ಬೇಕಾದುದು ಇದೇ ಅಂಜಿಕೆಯಿಂದಿರಬೇಕು. ಪಾಲಿನ ಪಟ್ಟಿಯಾದರೋ ಪಾಲುಗಾರರೊಳಗಿನ ವ್ಯಾಜ್ಯವನ್ನು ತಡೆಯುವ ಸಾಧನ.

ಪಾಲು ಪಡೆದವನ ಮಕ್ಕಳಿಗೆ ಅದು ಇಳಿಯುವ ಬಗೆಯು ಧರ್ಮಶಾಸ್ತ್ರದ ವಿಷಯ. ಏಳು ಶತಮಾನಗಳ ತರುವಾಯ, ಈ ಪ್ರಾಂತವನ್ನೂ ಆಳಿದ ಚಾಲುಕ್ಯ ವಿಕ್ರಮಾದಿತ್ಯನ (೧೦೭೬–೧೧೨೬) ಕಾಲದಲ್ಲಿ ಕಲ್ಯಾಣದ ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ, ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕೆಂದು ನಿರ್ಣಯಿಸಿದನು. ಈ ಹಕ್ಕು ಕರ್ನಾಟಕದಲ್ಲಿ ೧೯೯೪ರ ತಿದ್ದುಪಡಿಯಿಂದಲೂ, ದೇಶಕ್ಕೆಲ್ಲ ೨೦೦೫ರ ತಿದ್ದುಪಡಿಯಿಂದಲೂ ಹೆಣ್ಣುಮಕ್ಕಳಿಗೆ ಸಂದಿತು. ಹಿಂದೂ ಅವಿಭಕ್ತ ಕುಟುಂಬವನ್ನು ಆದಾಯ ತೆರಿಗೆಯ ಕಾನೂನು ಇಂದಿಗೂ ಪ್ರತ್ಯೇಕ ಘಟಕವೆಂದು ಎಣಿಸುತ್ತದೆ. ಮೃತರ ಆಸ್ತಿಯ ಮೇಲಣ ಸುಂಕವಾದರೋ ೧೯೫೩ರಲ್ಲಿ ಬಂದು ೧೯೮೫ರಲ್ಲಿ ರದ್ದಾಯಿತು.

ರಾಜ್ಯವು ಬಿಟ್ಟುಕೊಟ್ಟ ಕರಕ್ಕಿಂತ, ಪಾಲುಗಾರರು ಒಪ್ಪಿ ಬರೆದಿಟ್ಟ ಪಾಲು ಹೆಚ್ಚು ಸ್ಥಿರವೆಂಬುದು ಇದರಿಂದ ವ್ಯಕ್ತವಾಗುತ್ತದೆ. ಆದುದರಿಂದ ಶಾಸನಗಳನ್ನು ಓದುವವರು ಅರಸರ ವಂಶಾವಳಿಯೊಡನೆ ಈ ಪಟ್ಟಿಗಳನ್ನೂ ಲಕ್ಷ್ಯವಿಟ್ಟು ಪರಿಶೀಲಿಸತಕ್ಕದ್ದು.