ನೆಲಮಾಳಿಗೆಯ ದಫ್ತರಗಳು ಹೇಳಿದ ಮುಪ್ಪಿನ ಕಥೆ

1932ರ ಜೂನ್ 1ರಂದು ಸ್ಕಾಟ್ಲೆಂಡಿನ ಶಾಲೆಗಳಲ್ಲಿ ಒಂದು ಅಪರೂಪದ ಪರೀಕ್ಷೆ ನಡೆಯಿತು. 1921ರಲ್ಲಿ ಹುಟ್ಟಿ ಅಂದು ಶಾಲೆಗೆ ಬಂದಿದ್ದ ಬಹುತೇಕ ಎಲ್ಲ ಮಕ್ಕಳೂ, ಒಟ್ಟು 87,498 ಮಂದಿ, ಒಂದೇ ದಿನ ಒಂದೇ ಪ್ರಶ್ನೆಪತ್ರಿಕೆಗೆ ಉತ್ತರ ಬರೆದರು. ಪಾಸು, ಫೇಲು ಎಂಬುದಿರಲಿಲ್ಲ. ಇಡೀ ದೇಶದ ಮಕ್ಕಳ ಬುದ್ಧಿಶಕ್ತಿಯ ಲೆಕ್ಕ ತೆಗೆಯುವುದಷ್ಟೇ ಉದ್ದೇಶವಾಗಿತ್ತು. ಪರೀಕ್ಷೆಯ ಹಿಂದಿದ್ದವರು ಎಡಿನ್‌ಬರೋದ ಪ್ರೊಫೆಸರ್ ಗಾಡ್‌ಫ್ರೆ ಥಾಮ್ಸನ್. 1947ರಲ್ಲಿ ಮತ್ತೊಮ್ಮೆ, 1936ರಲ್ಲಿ ಹುಟ್ಟಿದ 70,805 ಮಕ್ಕಳು ಅಂಥದೇ ಪರೀಕ್ಷೆ ಬರೆದರು. ಆಮೇಲೆ ಅಂಕಗಳ ದಫ್ತರಗಳು ಎಡಿನ್‌ಬರೋದ ಒಂದು ನೆಲಮಾಳಿಗೆ ಸೇರಿದವು.

ಮುಪ್ಪಿನ ಅಧ್ಯಯನದ ಚರಿತ್ರೆ ಓದುವಾಗಲೆಲ್ಲ ನಾನು ನಿಲ್ಲುವುದು ಈ ದಫ್ತರಗಳ ಬಳಿ. ಅವನ್ನು ಬರೆದಿಟ್ಟವರ ಮನಸ್ಸಿನಲ್ಲಿ ಮುಪ್ಪಿನ ಯೋಚನೆಯೇ ಇರಲಿಲ್ಲ. 1997ರಲ್ಲಿ ಅಬರ್ಡೀನ್ ವಿಶ್ವವಿದ್ಯಾಲಯದ ಲಾರೆನ್ಸ್ ವ್ಯಾಲಿ ಮತ್ತು ಎಡಿನ್‌ಬರೋ ವಿಶ್ವವಿದ್ಯಾಲಯದ ಇಯಾನ್ ಡಿಯರಿ ಅವುಗಳ ಬೆಲೆ ಕಂಡುಕೊಂಡರು. ಮರುವರ್ಷದ ಜೂನ್ 1ರಂದು, ಸರಿಯಾಗಿ 66 ವರ್ಷಗಳ ಬಳಿಕ, ಅಬರ್ಡೀನಿನ ಮ್ಯೂಸಿಕ್ ಹಾಲ್‌ನಲ್ಲಿ 73 ಮಂದಿ ಹಿರಿಯರು ಅದೇ ಪ್ರಶ್ನೆಪತ್ರಿಕೆಯನ್ನು ಮತ್ತೆ ಬಿಡಿಸಿದರು. ಆಗ ಅವರ ವಯಸ್ಸು ಎಪ್ಪತ್ತೇಳರ ಆಸುಪಾಸು.

ಇದರಿಂದ ಏನು ಸಿಕ್ಕಿತು ಎಂಬುದಕ್ಕೆ ನಮಗೆ ಹತ್ತಿರದ ಉದಾಹರಣೆಯೆಂದರೆ ಕಾಫಿ. 1936ರಲ್ಲಿ ಹುಟ್ಟಿದವರ ಪೈಕಿ 1,091 ಮಂದಿಯನ್ನು ಎಡಿನ್‌ಬರೋ ವಿಶ್ವವಿದ್ಯಾಲಯ ಎಪ್ಪತ್ತನೆಯ ವಯಸ್ಸಿನ ಹೊತ್ತಿಗೆ ಪತ್ತೆಮಾಡಿ ಪರೀಕ್ಷಿಸಿತು. ಅವರಲ್ಲಿ ಫಿಲ್ಟರ್ ಕಾಫಿಯಂಥ ಪುಡಿ ಕಾಫಿ ಕುಡಿಯುವವರ ಬುದ್ಧಿ ಚುರುಕಾಗಿರುವಂತೆ ಕಂಡಿತು. ಆದರೆ ಹನ್ನೊಂದನೆಯ ವಯಸ್ಸಿನ ಅಂಕವನ್ನೂ ಕುಟುಂಬದ ಸ್ಥಿತಿಗತಿಯನ್ನೂ ಲೆಕ್ಕಕ್ಕೆ ಹಿಡಿದಾಗ ಆ ನಂಟು ಬಹುಪಾಲು ಕರಗಿಹೋಯಿತು. ಕಾಫಿ ಬುದ್ಧಿಯನ್ನು ಕಾಯ್ದಿತ್ತು ಎನ್ನುವಂತಿರಲಿಲ್ಲ. ಬಾಲ್ಯದಲ್ಲೇ ಚುರುಕಾಗಿದ್ದವರು ಅಂಥ ಕಾಫಿ ಕುಡಿಯುವವರಾಗಿ ಬೆಳೆದಿದ್ದರು. ಹಳೆಯ ದಫ್ತರ ಇಲ್ಲದಿದ್ದರೆ ಈ ವ್ಯತ್ಯಾಸ ಗೊತ್ತಾಗುತ್ತಲೇ ಇರಲಿಲ್ಲ. ಮುಪ್ಪಿನಲ್ಲಿ ಬುದ್ಧಿಯ ಚುರುಕಿನಲ್ಲಿ ಕಾಣುವ ಅಂತರದ ಸುಮಾರು ಅರ್ಧಭಾಗ ಬಾಲ್ಯದಲ್ಲೇ ಇದ್ದದ್ದು. ಉಳಿದರ್ಧದಲ್ಲಿ ಓದು, ಉದ್ಯೋಗ, ನಡಿಗೆ, ಧೂಮಪಾನ, ಒಂದೊಂದರ ಪಾಲೂ ಚಿಕ್ಕದು. ರಾಮಬಾಣವೆಂಬುದು ಯಾವುದೂ ಸಿಗಲಿಲ್ಲ.

ಈ ಕೆಲಸ ವಿಶ್ವವಿದ್ಯಾಲಯ ಒಂದರಿಂದಲೇ ಆದದ್ದಲ್ಲ. ಹೆಲ್ಪ್ ದಿ ಏಜ್ಡ್ ಎಂಬ ಹಿರಿಯರ ಸೇವಾಸಂಸ್ಥೆ ಹಣ ಕೊಟ್ಟಿತು. ಹಿರಿಯರು ಮೂರು ವರ್ಷಕ್ಕೊಮ್ಮೆ ತಾವಾಗಿಯೇ ಬಂದು ಗಂಟೆಗಟ್ಟಲೆ ಕೂತರು, ರಕ್ತ ಕೊಟ್ಟರು, ಮೆದುಳಿನ ಸ್ಕ್ಯಾನ್‌ಗೆ ಒಪ್ಪಿದರು. ತೀರಿಕೊಂಡ ಮೇಲೆ ಮೆದುಳನ್ನೇ ಕೊಡಲು ಕೆಲವರು ಸಮ್ಮತಿಸಿದರು. ಇಂಥ ನಂಬಿಕೆ ಒಂದೇ ಭೇಟಿಯಲ್ಲಿ ಹುಟ್ಟುವಂಥದ್ದಲ್ಲ.

ನಮ್ಮಲ್ಲಿ ಇಂದು ಎಪ್ಪತ್ತು ದಾಟಿದ ಎಷ್ಟೋ ಜನ ಶಾಲೆಯ ಮೆಟ್ಟಿಲನ್ನೇ ಹತ್ತಿದವರಲ್ಲ. ಹಾಗಾಗಿ ಅವರ ಬಾಲ್ಯದ ದಫ್ತರ ಯಾವ ನೆಲಮಾಳಿಗೆಯಲ್ಲೂ ಸಿಗಲಾರದು. ಎಡಿನ್‌ಬರೋದ ಲೆಕ್ಕ ಅವರಿಗೆ ಹಾಗೇ ಹೊಂದುವುದೂ ಇಲ್ಲ. ಈ ಕೊರತೆ ತುಂಬುವ ಒಂದು ಪ್ರಯತ್ನ ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರ ಆ ಮಾವಿನ ಸೀಮೆಯ ಹಳ್ಳಿಗಳಲ್ಲಿ 45 ದಾಟಿದ 10,000 ಜನರನ್ನು ವರ್ಷಗಳ ಕಾಲ ಹಿಂಬಾಲಿಸಲು ಹೊರಟಿದೆ. ಅಕ್ಷರ ಬಾರದ ಅಜ್ಜಿಯ ನೆನಪಿನ ಶಕ್ತಿಯನ್ನು ಅಳೆಯಲು ಅಕ್ಷರ ಬೇಡದ ಪ್ರಶ್ನೆಗಳೇ ಬೇಕು. ಅವನ್ನು ಅವಳ ಮನೆಮಾತಿನಲ್ಲೇ ಕೇಳಬೇಕು.

ಮನುಷ್ಯನ ಮುಪ್ಪು ಒಬ್ಬ ಸಂಶೋಧಕನ ಸೇವಾವಧಿಗಿಂತ ದೊಡ್ಡದು. ಥಾಮ್ಸನ್ 1955ರಲ್ಲೇ ತೀರಿಕೊಂಡರು. ತಮ್ಮ ಪರೀಕ್ಷೆಯ ಕೊನೆಯ ಫಲವನ್ನು ಅವರು ಕಾಣಲಿಲ್ಲ. ಅಷ್ಟು ದೀರ್ಘಕಾಲ ಕಾಯಬಲ್ಲದ್ದು ಸಂಸ್ಥೆ ಮಾತ್ರ. ಆದ್ದರಿಂದ ವಿಶ್ವವಿದ್ಯಾಲಯಗಳಿಂದ ನಾನು ಬಯಸುವುದು ಎರಡು: ಪ್ರಾಜೆಕ್ಟಿನ ಹಣ ಮುಗಿದ ಮೇಲೂ ದಫ್ತರಗಳನ್ನು ಜೋಪಾನ ಮಾಡಬೇಕು, ಮಾಹಿತಿ ಕೊಟ್ಟವರ ಮನೆಗೆ ಹಿಂತಿರುಗಿ, ಏನು ತಿಳಿಯಿತೆಂದು ಅವರಿಗೆ ಅರ್ಥವಾಗುವಂತೆ ಹೇಳಬೇಕು. ಮೊದಲನೆಯದನ್ನು ಮಾಡದಿದ್ದರೆ ಮುಂದಿನವರಿಗೆ ಓದಲು ಏನೂ ಉಳಿಯುವುದಿಲ್ಲ. ಎರಡನೆಯದನ್ನು ಮಾಡದಿದ್ದರೆ ಮುಂದಿನ ಸಲ ಯಾರೂ ಬಾಗಿಲು ತೆರೆಯುವುದಿಲ್ಲ.