ಜಾಲಹಳ್ಳಿಯ ವಾಲ್ವಿನ ಜಾಡು ಹಿಡಿದು

ಚನ್ನಪಟ್ಟಣ ತಾಲ್ಲೂಕಿನ ವಿರೂಪಾಕ್ಷಿಪುರದಲ್ಲಿ ಹಿರಿಯರೊಬ್ಬರ ಮನೆಯ ಹಳೆಯ ರೇಡಿಯೊ ಬಿಚ್ಚಿದಾಗ ಕೈಗೆ ಬಂದದ್ದು ಹೆಬ್ಬೆರಳು ಗಾತ್ರದ ಗಾಜಿನ ವಾಲ್ವ್. ಮೇಲೆ ಮಾಸಿದ ಅಕ್ಷರ: ಬಿಇಎಲ್, ಇಎಲ್ 84. “ಈ ವಾಲ್ವಿನ ದನೀನೇ ಬೇರೆ ಸಾರ್, ಈಗಿನವಕ್ಕೆ ಬರಲ್ಲ” ಅಂದರು. ವಾಲ್ವ್ ಆಂಪ್ಲಿಫೈಯರ್ ಇಟ್ಟುಕೊಂಡವರು ಎಲ್ಲೆಡೆ ಆಡುವ ಮಾತಿದು. ದಾಖಲೆಗಳು ಇದಕ್ಕೆ ಏನನ್ನುತ್ತವೆ ಎಂದು ಹುಡುಕತೊಡಗಿದೆ.

ಮೊದಲು ಹುಟ್ಟಿದೂರು. ಬಿಇಎಲ್ ಅಂದರೆ ಭಾರತ್ ಎಲೆಕ್ಟ್ರಾನಿಕ್ಸ್, ಬೆಂಗಳೂರಿನ ಜಾಲಹಳ್ಳಿಯಲ್ಲಿ ನೆಲೆಗೊಂಡ ಕಾರ್ಖಾನೆ, ಸ್ಥಾಪನೆ 1954ರಲ್ಲಿ. ಸಂಸ್ಥೆಯ ಇತಿಹಾಸದ ಪ್ರಕಾರ ರೇಡಿಯೊ ವಾಲ್ವುಗಳ ತಯಾರಿಕೆ ಶುರುವಾದದ್ದು 1961ರಲ್ಲಿ, ಜರ್ಮೇನಿಯಂ ಸೆಮಿಕಂಡಕ್ಟರ್‌ಗಳದ್ದು 1962ರಲ್ಲಿ. ವಾಲ್ವನ್ನು ಮುಂದೆ ಮೂಲೆಗೆ ಸರಿಸಿದ ತಂತ್ರಜ್ಞಾನ ಒಂದೇ ವರ್ಷದ ಅಂತರದಲ್ಲಿ ಅದೇ ಕಾರ್ಖಾನೆಗೆ ಬಂದಿತ್ತು.

ವಾಲ್ವಿನ ಹೆಸರೇ ಇನ್ನೊಂದು ದಾಖಲೆ. ಯುರೋಪಿನ ಪದ್ಧತಿಯಲ್ಲಿ ‘ಇ’ ಎಂದರೆ 6.3 ವೋಲ್ಟಿನ ಹೀಟರ್, ‘ಎಲ್’ ಎಂದರೆ ಸ್ಪೀಕರ್ ನಡೆಸುವ ಪವರ್ ಪೆಂಟೋಡ್, 8 ಎಂದರೆ ಒಂಬತ್ತು ಪಿನ್ನಿನ ತಳ. ಇಎಲ್ 84 ಫಿಲಿಪ್ಸ್ ವಿನ್ಯಾಸ. ಬಿಇಎಲ್ ವಾಲ್ವುಗಳು ಬಂದದ್ದೂ ಫಿಲಿಪ್ಸ್ ಸಹಯೋಗದಲ್ಲಿ. ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್‌ನಲ್ಲಿದ್ದ ಮಲ್ಲಾರ್ಡ್ ಕಾರ್ಖಾನೆಯೂ ಅದೇ ಬಳಗದ್ದು. ಹಾಗಾಗಿ ಜಾಲಹಳ್ಳಿಯ ಇಎಲ್ 84 ಮತ್ತು ಸಂಗ್ರಾಹಕರು ದುಬಾರಿ ಬೆಲೆಗೆ ಕೊಳ್ಳುವ ಮಲ್ಲಾರ್ಡ್ ಇಎಲ್ 84 ದಾಯಾದಿಗಳು.

ಮುಂದೆ ಫಿಲಿಪ್ಸ್ ಡೇಟಾಶೀಟ್ ತೆರೆದೆ. ಪ್ಲೇಟಿಗೆ 250 ವೋಲ್ಟ್, ಕರೆಂಟು 48 ಮಿಲಿಆಂಪ್, ಗ್ರಿಡ್ಡಿಗೆ ಮೈನಸ್ 7.3 ವೋಲ್ಟ್. ಇಷ್ಟಿದ್ದರೆ ಒಂದೇ ವಾಲ್ವಿನಿಂದ 5.7 ವಾಟ್. ಅದರ ಪಕ್ಕದಲ್ಲೇ ಡಿಸ್ಟಾರ್ಷನ್ ಶೇ 10 ಎಂದಿದೆ. ನಾವು ಮೆಚ್ಚುವ ‘ಬೆಚ್ಚನೆಯ ದನಿ’ಯಲ್ಲಿ ವಾಲ್ವ್ ತಾನೇ ಸೇರಿಸುವ ಸ್ವರಾಂಶಗಳ ಪಾಲೂ ಇದೆ ಎಂಬುದಕ್ಕೆ ಇದು ತಯಾರಕರದೇ ಲಿಖಿತ ಸಾಕ್ಷಿ.

ಈಗ ಈ ವಾಲ್ವ್ ಮಾಡುವವರು ಸ್ಲೊವಾಕಿಯಾ, ರಷ್ಯಾ, ಚೀನಾದ ಕೆಲವೇ ಕಾರ್ಖಾನೆಗಳವರು. ಇಎಲ್ 84 ಹೆಸರಿನಲ್ಲಿ ಮಾರುವುದೂ ಇದೇ ವಿನ್ಯಾಸಕ್ಕೆ ಒಪ್ಪುವ ವಾಲ್ವನ್ನೇ. ವ್ಯತ್ಯಾಸವಿರುವುದು ಕೆಲಸಗಾರಿಕೆಯಲ್ಲಿ: ಕ್ಯಾಥೋಡಿನ ಲೇಪ, ಗ್ರಿಡ್ ತಂತಿ ಸುತ್ತಿದ ಅಂತರ, ಒಳಗಿನ ನಿರ್ವಾತ. ವಿರೂಪಾಕ್ಷಿಪುರದ ವಾಲ್ವಿನ ನೆತ್ತಿಯಲ್ಲಿ ಬೆಳ್ಳಿಯಂತೆ ಹೊಳೆಯುವ ಬೇರಿಯಂ ಲೇಪ ಇನ್ನೂ ಹಾಗೇ ಇದೆ. ಗಾಳಿ ಹೊಕ್ಕಿದ್ದರೆ ಅದು ಹಾಲಿನಂತೆ ಬೆಳ್ಳಗಾಗಿರುತ್ತಿತ್ತು. ಅದನ್ನು ಮಾಡಿದ ಕೈಗಳು ಚೆನ್ನಾಗಿಯೇ ಕೆಲಸ ಮಾಡಿವೆ.

ಆದರೆ ಹಳೆಯದು, ಹೊಸದು ಎಂದು ಹೋಲಿಸುವಾಗ ಹೆಚ್ಚಿನವರು ವಾಲ್ವನ್ನಷ್ಟೇ ಬದಲಿಸಿ ತೀರ್ಪು ಕೊಡುತ್ತಾರೆ. ಇಂಥ ಸೆಟ್ಟುಗಳಲ್ಲಿ ಗ್ರಿಡ್ಡಿಗೆ ಹೋಗುವ ಪೇಪರ್ ಕಂಡೆನ್ಸರ್ ಲೀಕಾಗಿದ್ದರೆ ಯಾವ ವಾಲ್ವ್ ಹಾಕಿದರೂ ಕರೆಂಟು ಏರುತ್ತದೆ, ದನಿ ಕೆಡುತ್ತದೆ. ಮೊದಲು ಅದನ್ನು ಬದಲಿಸಬೇಕು. ಕ್ಯಾಥೋಡ್ ವೋಲ್ಟೇಜ್ ಅಳೆಯಬೇಕು. ಸ್ಪೀಕರ್ ತುದಿಯಲ್ಲಿ ಮೀಟರ್ ಹಿಡಿದು ಎರಡರ ಸದ್ದೂ ಸಮ ಮಾಡಬೇಕು, ಏಕೆಂದರೆ ತುಸು ಜೋರಾದದ್ದೇ ಕಿವಿಗೆ ಚಂದ. ಯಾವುದು ಹಾಕಿದೆ ಎಂದು ಕೇಳುವವರಿಗೆ ಗೊತ್ತಿರಬಾರದು. ಹೀಗೆ ಕೇಳಿದಾಗಲೂ ಉಳಿಯುವ ವ್ಯತ್ಯಾಸವಷ್ಟೇ ವಾಲ್ವಿನದು.

ಹಿರಿಯರ ಮಾತು ಸುಳ್ಳಲ್ಲ. ಅವರು ಮೆಚ್ಚಿದ್ದು ಮರದ ಪೆಟ್ಟಿಗೆ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್, ದೊಡ್ಡ ಸ್ಪೀಕರ್ ಎಲ್ಲ ಸೇರಿ ಹೊರಟ ದನಿಯನ್ನು. ಅದರಲ್ಲಿ ಜಾಲಹಳ್ಳಿಯ ಪಾಲೆಷ್ಟು ಎಂದು ನ್ಯಾಯವಾಗಿ ಹೇಳಲು ನಮ್ಮಲ್ಲೇ ಅಳತೆಯ ದಾಖಲೆ ಬೇಕು. ಚನ್ನಪಟ್ಟಣ, ರಾಮನಗರದ ರಿಪೇರಿ ಅಂಗಡಿಗಳಲ್ಲಿ ಬಿಇಎಲ್ ವಾಲ್ವಿನ ಡಬ್ಬಿ, ಸರ್ಕ್ಯೂಟ್ ಹಾಳೆ, ಲೆಕ್ಕದ ಪುಸ್ತಕ ಉಳಿದಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ವಾಲ್ವ್ ಬದಲಿಸುವಾಗ ವೋಲ್ಟೇಜ್, ತಾರೀಕು ಬರೆದಿಡಿ. ಮಲ್ಲಾರ್ಡ್ ಹೆಸರು ಬೆಳೆದದ್ದು ವಾಲ್ವಿನ ಗುಣದಿಂದ ಮಾತ್ರವಲ್ಲ, ಬರೆದಿಟ್ಟವರಿಂದಲೂ.