ಗಲಭೆಯ ದಿನಗಳಲ್ಲಿ ಆಸ್ಪತ್ರೆ

ಬ್ರಿಟನ್ನಿನಲ್ಲಿ ವೈದ್ಯವೃತ್ತಿಯಲ್ಲಿರುವ ನಾವು ನಮ್ಮ ಮಕ್ಕಳಿಗೆ ಹೇಳಲೇಬೇಕಾದ ಇತಿಹಾಸದಲ್ಲಿ 2024ರ ಬೇಸಿಗೆಯೂ ಒಂದು ಅಧ್ಯಾಯ.

ಆ ವರ್ಷ ಜುಲೈ 29ರಂದು ಇಂಗ್ಲೆಂಡಿನ ಕಡಲತೀರದ ಊರಾದ ಸೌತ್‌ಪೋರ್ಟ್‌ನಲ್ಲಿ, ಬೇಸಿಗೆ ರಜೆಯ ನೃತ್ಯ ತರಗತಿಗೆ ಬಂದಿದ್ದ ಮಕ್ಕಳ ಮೇಲೆ 17 ವರ್ಷದ ಹುಡುಗನೊಬ್ಬ ಚಾಕು ಹಿಡಿದು ಎರಗಿದ. 6, 7 ಮತ್ತು 9 ವರ್ಷದ ಮೂವರು ಬಾಲಕಿಯರು ಪ್ರಾಣ ಕಳೆದುಕೊಂಡರು. ಇನ್ನೂ 8 ಮಕ್ಕಳು ಮತ್ತು ಇಬ್ಬರು ವಯಸ್ಕರು ಇರಿತಕ್ಕೊಳಗಾದರು. ಲಿವರ್‌ಪೂಲಿನ ಆಲ್ಡರ್ ಹೇ ಮಕ್ಕಳ ಆಸ್ಪತ್ರೆ ಸೇರಿದಂತೆ ಹಲವು ಆಸ್ಪತ್ರೆಗಳು ಗಾಯಾಳುಗಳನ್ನು ಉಳಿಸಲು ಹಗಲಿರುಳು ದುಡಿದವು.

ಊರು ಇನ್ನೂ ಕಣ್ಣೀರಿಡುತ್ತಿದ್ದಾಗಲೇ, ಕೊಲೆಗಾರನು ದೋಣಿಯಲ್ಲಿ ಬಂದ ವಲಸೆಗಾರನೆಂಬ ಗಾಳಿಸುದ್ದಿ ಹಬ್ಬಿತು. ಅವನು ಹುಟ್ಟಿದ್ದು ಕಾರ್ಡಿಫ್‌ನಲ್ಲಿ. ಆದರೂ ಮರುದಿನವೇ ಸೌತ್‌ಪೋರ್ಟಿನ ಮಸೀದಿಯ ಮೇಲೆ ಕಲ್ಲು ಬಿದ್ದವು. 50ಕ್ಕೂ ಹೆಚ್ಚು ಪೊಲೀಸರು ಗಾಯಗೊಂಡರು. ಆಗಸ್ಟ್ 4ರಂದು ರಾದರ್‌ಹ್ಯಾಮ್ ಬಳಿ, ಆಶ್ರಯ ಕೋರಿ ಬಂದವರಿದ್ದ ಹೋಟೆಲಿಗೆ ಬೆಂಕಿ ಹಚ್ಚುವ ಯತ್ನ ನಡೆಯಿತು. ಸಂಡರ್‌ಲ್ಯಾಂಡಿನಲ್ಲಿ ತುರ್ತು ಕರ್ತವ್ಯಕ್ಕೆ ಹೊರಟಿದ್ದ ಇಬ್ಬರು ಫಿಲಿಪಿನೋ ನರ್ಸುಗಳ ಮೇಲೂ ಕಲ್ಲು ತೂರಿದರು.

ಆಗ ಇಂಗ್ಲೆಂಡಿನ ರಾಷ್ಟ್ರೀಯ ಆರೋಗ್ಯ ಸೇವೆಯ ಮುಖ್ಯಸ್ಥೆಯಾಗಿದ್ದ ಅಮಂಡಾ ಪ್ರಿಚರ್ಡ್ ಹಿಂಸೆಯನ್ನೂ ಜನಾಂಗದ್ವೇಷವನ್ನೂ ಬಹಿರಂಗವಾಗಿ ಖಂಡಿಸಿ ಸಿಬ್ಬಂದಿಯ ಬೆನ್ನಿಗೆ ನಿಂತರು. ಸಿಬ್ಬಂದಿಯನ್ನು ಬಣ್ಣದ ಕಾರಣಕ್ಕೆ ನಿಂದಿಸುವವರನ್ನು ಹಿಂದಕ್ಕೆ ಕಳಿಸಬಹುದೆಂದು ಅಂದಿನ ಆರೋಗ್ಯ ಸಚಿವ ವೆಸ್ ಸ್ಟ್ರೀಟಿಂಗ್ ಸಾರಿದರು. ಈ ನಿಯಮ 2020ರಿಂದಲೇ ಇತ್ತು. ಆದರೆ ತುರ್ತಲ್ಲದ ಚಿಕಿತ್ಸೆಗೆ ಮಾತ್ರ. ಪ್ರಾಣಾಪಾಯದಲ್ಲಿರುವವನು ಯಾರೇ ಆಗಲಿ, ನಾವು ನೋಡಲೇಬೇಕು.

ಮೇಲಧಿಕಾರಿಯ ಮಾತಿನಿಂದ ಏನಾದೀತೆಂದು ಕೆಲವರು ಕೇಳಬಹುದು. ರಾತ್ರಿಪಾಳಿಯಲ್ಲಿ ಬೈಗುಳ ತಿಂದ ನರ್ಸಿಗೆ, ದೂರಿತ್ತರೆ ತನ್ನ ಪರವಾಗಿ ಯಾರಾದರೂ ನಿಲ್ಲುತ್ತಾರೆಯೇ ಎಂಬುದೇ ಮೊದಲ ಪ್ರಶ್ನೆ. ಅದಕ್ಕೆ ಉತ್ತರ ಮೇಲಿನಿಂದಲೇ ಬರಬೇಕು. ವಾರ್ಡಿನಲ್ಲಿ ಅದು ಜಾರಿಯೂ ಆಗಬೇಕು.

ಈ ಇಬ್ಬಂದಿ ಹೊಸದಲ್ಲ. 1948ರ ಜುಲೈ 5ರಂದು ಆರಂಭವಾದ ಈ ಸೇವೆ ಭಾರತ ಮತ್ತು ಪಾಕಿಸ್ತಾನದ ಕಿರಿಯ ವೈದ್ಯರಿಲ್ಲದಿದ್ದರೆ ಕುಸಿದುಹೋಗುತ್ತಿತ್ತೆಂದು 1961ರಲ್ಲೇ ಲಾರ್ಡ್ ಕೋಹೆನ್ ಸಂಸತ್ತಿನ ಮೇಲ್ಮನೆಯಲ್ಲಿ ಒಪ್ಪಿಕೊಂಡಿದ್ದರು. ಆಗ ಆರೋಗ್ಯ ಸಚಿವರಾಗಿದ್ದವರು ಈನಾಕ್ ಪೊವೆಲ್. ಅದೇ ಪೊವೆಲ್ 1968ರ ಏಪ್ರಿಲ್ 20ರಂದು ಬರ್ಮಿಂಗ್‌ಹ್ಯಾಮಿನಲ್ಲಿ ವಲಸೆಗಾರರ ವಿರುದ್ಧ ಕಿಡಿಕಾರಿದರು. ದುಡಿಮೆ ಬೇಕು, ದುಡಿಯುವವರು ಬೇಡ ಎಂಬ ಮನೋಭಾವವನ್ನು ನಮ್ಮ ಹಿರಿಯರು ಆಗಲೇ ಕಂಡುಂಡಿದ್ದರು.

ಆದರೆ ಸೌತ್‌ಪೋರ್ಟಿನ ನೆರೆಹೊರೆಯವರೇ ಗಲಭೆಯ ಮರುದಿನ ಬೀದಿ ಗುಡಿಸಿ, ಮಸೀದಿಯ ಒಡೆದ ಗೋಡೆಯನ್ನು ಕಟ್ಟಿಕೊಟ್ಟರು ಎಂಬುದನ್ನೂ ಮಕ್ಕಳಿಗೆ ಹೇಳೋಣ. ತಾಯ್ನಾಡಿನಿಂದ ಹೊಸದಾಗಿ ಬಂದು ರಾತ್ರಿಪಾಳಿ ಮುಗಿಸಿ ಒಂಟಿಯಾಗಿ ಮನೆಗೆ ಮರಳುವ ನರ್ಸುಗಳೂ ಕಿರಿಯ ವೈದ್ಯರೂ ನಮ್ಮ ನಡುವೆ ಇದ್ದಾರೆ. ಅಂಥ ದಿನಗಳಲ್ಲಿ ಅವರಿಗೊಂದು ಫೋನ್ ಮಾಡುವುದು, ಕಾರಿನಲ್ಲಿ ಮನೆ ತಲುಪಿಸುವುದು ನಮ್ಮ ಸಂಘದ ಕೈಲಾಗುವ ಕೆಲಸ.